ಕೋಟಿ ಬೆಲೆಯ ಮನೆ ಮಾರೋಕೆ ಹೊರಟಿರುವವರಿಗೆ

ಬೆಂಗಳೂರಲ್ಲಿ ದೊಡ್ಡ ಮನೆ ಮಾರೋಕೆ ಹೊರಟವರು ಮೊದಲು ಮಾಡುವ ಕೆಲಸ ಪೇಂಟ್ ಹೊಡೆಸೋದು. ಆಮೇಲೆ ಫಾಲ್ಸ್ ಸೀಲಿಂಗ್, ಮಾಡ್ಯುಲರ್ ಕಿಚನ್, ಬಾತ್‌ರೂಮಿಗೆ ಹೊಸ ಮಾರ್ಬಲ್. ನನ್ನ ಕೇಳಿದರೆ ಇದರಲ್ಲಿ ಮುಕ್ಕಾಲು ದುಡ್ಡು ದಂಡ.

ಜಯನಗರ, ಮಲ್ಲೇಶ್ವರ, ಸದಾಶಿವನಗರದ ಹಳೇ ಬಂಗಲೆಗಳಿಗೆ ಬರುವ ಗಿರಾಕಿಗಳಲ್ಲಿ ಬಹಳ ಜನ ಮನೆ ನೋಡೋದೇ ಇಲ್ಲ, ಸೈಟ್ ನೋಡುತ್ತಾರೆ. ರಸ್ತೆ ಎಷ್ಟು ಅಡಿ, ಕಾರ್ನರಾ, ಈಸ್ಟ್ ಫೇಸಿಂಗಾ, ಎಷ್ಟು ಮಹಡಿ ಏಳಿಸಬಹುದು, ಅಷ್ಟೇ. ರಿಜಿಸ್ಟ್ರೇಷನ್ ಮುಗಿದ ಮೇಲೆ ಜೆಸಿಬಿ ಬರುತ್ತೆ, ನಿಮ್ಮ ಹೊಸ ಮಾರ್ಬಲ್ ಪುಡಿಯಾಗುತ್ತೆ. ಅದರ ಬದಲು ತೇಗದ ಬಾಗಿಲು, ಕಂಬ, ಕಿಟಕಿಗಳನ್ನು ಯಾರು ಬಿಚ್ಚಿಕೊಂಡು ಹೋಗಬೇಕು ಅಂತ ಅಗ್ರಿಮೆಂಟಲ್ಲೇ ಬರೆಸಿ. ಹಳೇ ತೇಗಕ್ಕೆ ಒಳ್ಳೇ ರೇಟಿದೆ.

ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್ ಕಡೆಯ ವಿಲ್ಲಾಗಳ ಕಥೆ ಬೇರೆ. ಅಲ್ಲಿ ಒಳಗಿನ ಅಂದಕ್ಕೂ ಬೆಲೆ ಇದೆ. ಆದರೆ 2022ರ ಸೆಪ್ಟೆಂಬರ್ ಮಳೆಗೆ ಯಮಲೂರಿನ ಕೋಟಿಗಟ್ಟಲೆ ವಿಲ್ಲಾಗಳಿಗೆ ನೀರು ನುಗ್ಗಿ, ಜನ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದದ್ದನ್ನು ಯಾರೂ ಮರೆತಿಲ್ಲ. ಈಗ ಗಿರಾಕಿಗಳು ಮೆಟ್ಟಿಲ ಕೆಳಗೆ ಬಗ್ಗಿ, ಮೊಬೈಲ್ ಟಾರ್ಚ್ ಹಾಕಿ, ಗೋಡೆಯ ಬುಡದಲ್ಲಿ ತೇವದ ಗೆರೆ ಇದೆಯಾ ಅಂತ ನೋಡುತ್ತಾರೆ. ರಾಜಕಾಲುವೆ ಎಷ್ಟು ದೂರ ಅಂತ ಕೇಳುತ್ತಾರೆ. ಅಲ್ಲಿ ಹೊಸ ಪೇಂಟ್ ಕಂಡರೆ ಅನುಮಾನ ಇನ್ನೂ ಜಾಸ್ತಿ!

ಇನ್ನು ಕಾಗದಪತ್ರ. ಬೆಲೆ ನಿಜವಾಗಿ ಕುಸಿಯೋದು ಇಲ್ಲೇ. 2024ರ ಅಕ್ಟೋಬರ್‌ನಿಂದ ಇ-ಖಾತಾ (ಆನ್‌ಲೈನ್ ಖಾತಾ) ಇಲ್ಲದೆ ರಿಜಿಸ್ಟ್ರೇಷನ್ ಇಲ್ಲ. ಎಷ್ಟೋ ಮನೆಗಳ ಖಾತಾ ಇನ್ನೂ ತೀರಿಕೊಂಡ ಅಪ್ಪನ ಹೆಸರಲ್ಲೇ ಇರುತ್ತೆ, ಕ್ರಯಪತ್ರದಲ್ಲಿ ಒಂದು ಅಳತೆ, ಖಾತೆಯಲ್ಲಿ ಇನ್ನೊಂದು, ಆಧಾರ್‌ನಲ್ಲಿ ಹೆಸರಿನ ಸ್ಪೆಲಿಂಗೇ ಬೇರೆ. ಪ್ಲಾನಿಗಿಂತ ಒಂದು ಮಹಡಿ ಹೆಚ್ಚಿಗೆ ಎದ್ದಿರುತ್ತೆ. ಅಣ್ಣ ತಮ್ಮ ಒಪ್ಪಿದರೆ ಸಾಕು ಅಂದುಕೊಂಡಿರುತ್ತಾರೆ, ಗಿರಾಕಿಯ ವಕೀಲರು ಬಂದು ಅಕ್ಕಂದಿರ ಸಹಿ ಎಲ್ಲಿ ಅಂತ ಕೇಳಿದಾಗ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಆಗ ಶುರುವಾಗುತ್ತೆ ಯುದ್ಧಕಾಲೇ ಶಸ್ತ್ರಾಭ್ಯಾಸ. ಗಿರಾಕಿಗೂ ಇವರ ಅವಸರ ಗೊತ್ತಾಗುತ್ತೆ, ಚೌಕಾಸಿ ಮಾಡಿ ಮಾಡಿ ಇಳಿಸುತ್ತಾನೆ. ಇಸಿ (ಆಸ್ತಿ ಮೇಲೆ ಸಾಲ, ಋಣ ಏನಿದೆ ಅಂತ ತೋರಿಸುವ ಪತ್ರ), ಮೂಲಪತ್ರಗಳು, ತೆರಿಗೆ ರಸೀದಿ, ವಂಶವೃಕ್ಷ ಎಲ್ಲ ಒಂದು ಫೈಲಿನಲ್ಲಿ ರೆಡಿ ಇಟ್ಟುಕೊಂಡು ಮಾತಿಗೆ ಕೂತವರ ಗತ್ತೇ ಬೇರೆ.

ನಾಲ್ಕು ಜನ ಬ್ರೋಕರ್‌ಗಳಿಗೆ ಹೇಳಿ ಇಡಬೇಡಿ. ಒಂದೇ ಮನೆ ನಾಲ್ಕು ರೇಟಿಗೆ ಓಡಾಡೋಕೆ ಶುರುವಾದರೆ, ಏನೋ ತಕರಾರು ಇರಬೇಕು ಅಂತ ಜನ ಮಾತಾಡುತ್ತಾರೆ. ಪಕ್ಕದ ರಸ್ತೆಯವರು ಹೇಳಿಕೊಂಡ ರೇಟನ್ನೂ ನಂಬಬೇಡಿ, ಅದರಲ್ಲಿ ಅರ್ಧ ಬಡಾಯಿ. ಗಿರಾಕಿಯ ಲೆಕ್ಕವನ್ನೂ ನೋಡಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1%ನಿಂದ 2%ಗೆ ಏರಿದೆ. ಸ್ಟ್ಯಾಂಪ್ ಡ್ಯೂಟಿ, ಸೆಸ್ ಎಲ್ಲ ಸೇರಿ ಸುಮಾರು 7.6%. 8 ಕೋಟಿ ಮನೆಗೆ ಅದೇ 60 ಲಕ್ಷ ದಾಟುತ್ತೆ, ಅವರು ಅದನ್ನು ನಿಮ್ಮ ರೇಟಿಗೆ ಸೇರಿಸಿಕೊಂಡೇ ಯೋಚಿಸೋದು.

"ಅರ್ಧ ಬ್ಲಾಕ್, ಅರ್ಧ ವೈಟ್ ಮಾಡೋಣ ಸಾರ್" ಅನ್ನೋರು ಬಂದೇ ಬರುತ್ತಾರೆ. ಖಡಾಖಂಡಿತವಾಗಿ ಬೇಡ ಅನ್ನಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ, ತಗೊಂಡವರಿಗೇ ಅಷ್ಟೇ ಮೊತ್ತದ ದಂಡ ಬೀಳಬಹುದು. ತೆರಿಗೆ ಉಳಿಸೋಕೆ ಅಂತ ಬ್ಲಾಕ್ ತಗೊಳ್ಳೋರಿಗೆ ಒಂದು ಪ್ರಶ್ನೆ: ವೈಟ್‌ನಲ್ಲಿ ಬಂದ ಲಾಭವನ್ನು ಇನ್ನೊಂದು ಮನೆಗೆ ಹಾಕಿದರೆ 10 ಕೋಟಿವರೆಗೆ ವಿನಾಯಿತಿ ಇದೆ, ಬ್ಲಾಕ್ ದುಡ್ಡನ್ನು ಎಲ್ಲಿ ಹಾಕ್ತೀರಿ, ಮಂಚದ ಕೆಳಗಾ? ಆ ಇನ್ನೊಂದು ಮನೆಯನ್ನು, ಇದನ್ನು ಮಾರಿದ 2 ವರ್ಷದೊಳಗೆ ಕೊಳ್ಳಬೇಕು, ಕಟ್ಟಿಸೋದಾದರೆ 3 ವರ್ಷ.

ಒಡಹುಟ್ಟಿದವರಲ್ಲಿ ಯಾರಾದರೂ ಅಮೆರಿಕದಲ್ಲೋ ದುಬೈನಲ್ಲೋ ನೆಲೆಸಿದ್ದರೆ ಇನ್ನೊಂದು ವಿಷಯ. ಇಲ್ಲಿರುವವರ ಪಾಲಿಗೆ ಗಿರಾಕಿ ಹಿಡಿಯೋ ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆ) ಬರೀ 1%. ಎನ್‌ಆರ್‌ಐ ಪಾಲಿಗೆ ಅದು ಎಷ್ಟೋ ಪಟ್ಟು ಜಾಸ್ತಿ, ಅದೂ ಸಾಮಾನ್ಯವಾಗಿ ಲಾಭದ ಮೇಲಲ್ಲ, ಪೂರ್ತಿ ಮೊತ್ತದ ಮೇಲೇ ಹಿಡಿಯುತ್ತಾರೆ. ಕಡಿಮೆ ಹಿಡಿಯೋಕೆ ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ಸರ್ಟಿಫಿಕೇಟ್ ತರಬೇಕು, ಅದು ಕೈಗೆ ಬರೋಕೆ ಸಮಯ ಹಿಡಿಯುತ್ತೆ. ಹಾಗಾಗಿ ಅಗ್ರಿಮೆಂಟ್ ಆದ ವಾರವೇ ಆಡಿಟರ್ ಹತ್ತಿರ ಹೋಗಿ ಅರ್ಜಿ ಹಾಕಿಸಿಬಿಡಿ.