ಕೂಲರ್ ಕೆಳಗಿನ ಪುಸ್ತಕ

ನಮ್ಮ ಮನೆ ಕೂಲರ್‌ಗೆ ಒಂದು ಕಾಲು ಗಿಡ್ಡ. ಕಲಬುರಗಿಯ ಬೇಸಿಗೆಯಲ್ಲಿ ಕೂಲರ್ ಅಂದರೆ ಮನೆಗೆ ಹಿರಿಯರಿದ್ದ ಹಾಗೆ. ಅದು ನಿಂತರೆ ಎಲ್ಲರೂ ಕಂಗಾಲು, ಅದು ನಡುಗಿದರೆ ಮನೆಯೆಲ್ಲ ಗಡಗಡ. ಆ ಗಿಡ್ಡ ಕಾಲಿನ ಕೆಳಗೆ 11 ವರ್ಷದಿಂದ 8085 ಎಂಬ ಹಳೇ ಮೈಕ್ರೊಪ್ರೊಸೆಸರ್ ಚಿಪ್ ಬಗ್ಗೆ ಇರುವ ನನ್ನ ಎಂಜಿನಿಯರಿಂಗ್ ಪುಸ್ತಕ ಕೂತಿದೆ.

ಈ ಕೆಲಸ ಅದಕ್ಕೆ ಸುಮ್ನೆ ಸಿಕ್ಕಿದ್ದಲ್ಲ. ದೊಡ್ಡ ಆಯ್ಕೆಯೇ ನಡೆದಿತ್ತು. ಮೊದಲು ಕರ್ನಿಗನ್ ಮತ್ತು ರಿಚಿ ಬರೆದ, ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪುಸ್ತಕ ಇಟ್ಟು ನೋಡಿದೆ. ಎರಡನೇ ಆವೃತ್ತಿ, 272 ಪುಟ. ಜಗತ್ತಿಗೆಲ್ಲ ಸಿ ಕಲಿಸಲು ಸಾಕಾದ ಪುಸ್ತಕ ನಮ್ಮ ಕೂಲರ್‌ಗೆ ಸಾಕಾಗಲಿಲ್ಲ. ಆಮೇಲೆ ಕೊರ್ಮೆನ್ ಮತ್ತು ಮೂವರು ಸೇರಿ ಬರೆದ ಅಲ್ಗಾರಿದಮ್ ಪುಸ್ತಕ. ಅದು 1,300 ಪುಟದ ಹತ್ತಿರ. ಇಟ್ಟ ಕೂಡಲೇ ಉಳಿದ ಮೂರು ಕಾಲೂ ಗಿಡ್ಡವಾದವು. ಗ್ರೇವಾಲ್ ಬರೆದ ಎಂಜಿನಿಯರಿಂಗ್ ಗಣಿತ ತೆಗೆಯಲು ಹೋದೆ, ಮನಸ್ಸು ಬರಲಿಲ್ಲ. ಕಾರಣ ಆಮೇಲೆ ಹೇಳುತ್ತೇನೆ. ಕೊನೆಗೆ 8085 ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

ಈ ಪುಸ್ತಕಗಳಲ್ಲಿ ಹೊಸದಾಗಿ ಕೊಂಡದ್ದು ಎರಡೋ ಮೂರೋ. ಉಳಿದವೆಲ್ಲ ಸೀನಿಯರ್‌ಗಳಿಂದ ಅರ್ಧ ರೇಟಿಗೆ ಬಂದವು. ಆಗಿನ್ನೂ ಊರು ಗುಲ್ಬರ್ಗ. ಪರೀಕ್ಷೆ ಮುಗಿದ ಮರುದಿನ ಹಾಸ್ಟೆಲ್‌ನಲ್ಲಿ ಸಂತೆ ಸೇರುತ್ತಿತ್ತು. ಮಂಚದ ಮೇಲೆ ಪುಸ್ತಕ ಹರಡಿಕೊಂಡು ಕೂತ ಸೀನಿಯರ್, ‘ಒಂದು ಪುಟಾನೂ ಮಡಚಿಲ್ಲ ನೋಡ್ರಿ’ ಎನ್ನುತ್ತಿದ್ದ. ಅದರಲ್ಲಿ ಸುಳ್ಳೇನಿರಲಿಲ್ಲ. ತೆರೆದಿದ್ದರೆ ತಾನೇ ಮಡಚೋದು. ನನ್ನ ಗ್ರೇವಾಲ್‌ನ ಮೊದಲ ಪುಟದಲ್ಲಿ ಮೂರು ಹೆಸರಿವೆ. ಒಂದು ಚಿಂಚೋಳಿ ಹುಡುಗನದು, ಒಂದು ಆಳಂದದ ಹುಡುಗಿಯದು, ಎರಡಕ್ಕೂ ಅಡ್ಡಗೆರೆ. ಕೆಳಗೆ ನನ್ನದು. ಹೊಲದ ಪಹಣಿ ಇದ್ದ ಹಾಗಿದೆ.

ಹೊಸದಾಗಿ ಕೊಂಡವು ಭಾರತಕ್ಕೆಂದೇ ಅಗ್ಗವಾಗಿ ಅಚ್ಚು ಹಾಕಿದವು. ‘ಈಸ್ಟರ್ನ್ ಎಕಾನಮಿ ಎಡಿಷನ್’ ಅಂತ ರಟ್ಟಿನ ಮೇಲೇ ಬರೆದಿರುತ್ತಿತ್ತು. ಕಾಗದ ಎಷ್ಟು ತೆಳುವೆಂದರೆ ಹಿಂದಿನ ಪುಟದ ಗ್ರಾಫ್ ಈ ಪುಟದ ಸಮೀಕರಣದೊಳಗೆ ಕಾಣುತ್ತಿತ್ತು. ಒಮ್ಮೆ ಹಿಂಬದಿಯ ಮೈನಸ್ ಗುರುತನ್ನು ಈ ಕಡೆಯದೆಂದು ತಿಳಿದು ಒಂದು ಲೆಕ್ಕದ ಜೊತೆ ಇಡೀ ಸಂಜೆ ಗುದ್ದಾಡಿದ್ದೇನೆ.

ನಾನು ಹತ್ತರವರೆಗೆ ಕನ್ನಡ ಮೀಡಿಯಂ. ನಮಗೆ ಪ್ರಮೇಯ ಅಂದರೆ ದತ್ತ, ಸಾಧನೀಯ, ರಚನೆ, ಸಾಧನೆ. ಒಂದರ ಹಿಂದೆ ಒಂದು, ಮದುವೆ ಊಟದ ಎಲೆ ಬಡಿಸಿದ ಹಾಗೆ. ಎಂಜಿನಿಯರಿಂಗ್ ಪುಸ್ತಕ ತೆರೆದರೆ ದತ್ತವೂ ಇಲ್ಲ, ಸಾಧನೀಯವೂ ಇಲ್ಲ. ಮೂರು ಸಾಲು ಬರೆದು ‘ಇದು ಸ್ಪಷ್ಟ’ ಅಂತ ಇಂಗ್ಲಿಷಿನಲ್ಲಿ ಮುಗಿಸಿಬಿಟ್ಟಿರುತ್ತಾರೆ. ಯಾರಿಗೆ ಸ್ಪಷ್ಟ? ಇನ್ನೂ ಕಷ್ಟವಾದದ್ದನ್ನು ‘ಓದುಗರ ಅಭ್ಯಾಸಕ್ಕೆ ಬಿಟ್ಟಿದೆ’ ಎನ್ನುತ್ತಾರೆ. ಊಟಕ್ಕೆ ಕರೆದವನು ಒಲೆ ತೋರಿಸಿ ಹೋದ ಹಾಗೆ. ಮ್ಯಾಟ್ರಿಕ್ಸ್ ಅಂದರೆ ನಮ್ಮ ಶಾಲೆಯ ಮಾತೃಕೆ ಅಂತ ತಿಳಿಯಲು ನನಗೆ ಒಂದು ಇಂಟರ್ನಲ್ ಪರೀಕ್ಷೆಯೇ ಬೇಕಾಯಿತು. ಲ್ಯಾಟಿನ್‌ನಲ್ಲೂ ಆ ಪದದ ಬೇರು ತಾಯಿಯೇ ಅಂತ ಆಮೇಲೆ ಗೊತ್ತಾಯಿತು. ಮೊದಲೇ ಯಾರಾದರೂ ಹೇಳಿದ್ದರೆ ಸ್ವಲ್ಪ ಗೌರವದಿಂದ ಕಲಿಯುತ್ತಿದ್ದೆ.

ಗ್ರೇವಾಲ್‌ನ ಮಾತಿಗೆ ಬರುತ್ತೇನೆ. ಅದರಲ್ಲಿ ಬೆಸೆಲ್ ಫಂಕ್ಷನ್ ಇರುವ ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ, ದುಂಡಗಿನ ಅಕ್ಷರದಲ್ಲಿ ಬರೆದಿದೆ: ‘ಇದು ಪರೀಕ್ಷೆಗೆ ಬರಂಗಿಲ್ಲ, ಬಿಡ್ರಿ.’ ಚಿಂಚೋಳಿಯವನೋ, ಆಳಂದದವಳೋ ಗೊತ್ತಿಲ್ಲ. ನಾನು ದೇವರ ಮಾತೆಂದು ನಂಬಿದೆ, ಬಿಟ್ಟೆ. ಎಂ-4, ಅಂದರೆ ನಾಲ್ಕನೇ ಗಣಿತ ಪೇಪರ್‌ನಲ್ಲಿ ಅದೇ ಬಂತು. ಫೇಲಾಗಿ ಒಂದು ಬ್ಯಾಕ್ ಉಳಿಯಿತು. ಮನೆಗೆ ಬಂದವನೇ ಆ ಸಾಲಿನ ಕೆಳಗೆ ಪೆನ್ನಿನಲ್ಲಿ, ಒತ್ತಿ ಬರೆದೆ: ‘ಬಂತು.’ ಈಗಲೂ ಆ ಪುಟ ತಿರುವಿದರೆ ಹಿಂಬದಿಯಲ್ಲಿ ಬೆರಳಿಗೆ ಆ ಎರಡಕ್ಷರ ತಾಗುತ್ತವೆ.

ಅಂಚಿನಲ್ಲಿ ಗೀಚುವುದು ಕೆಟ್ಟ ಅಭ್ಯಾಸ ಎಂದೇ ನಮ್ಮ ಮೇಷ್ಟ್ರು ಹೇಳಿಕೊಟ್ಟದ್ದು. ಆದರೆ 1989ರಲ್ಲಿ ಗ್ರಹಾಂ, ಕ್ನೂತ್, ಪಟಾಶ್ನಿಕ್ ಎಂಬ ಮೂವರು ಕಂಪ್ಯೂಟರ್‌ಗೆ ಬೇಕಾದ ಗಣಿತದ ಪುಸ್ತಕವೊಂದನ್ನು ತಂದರು. ಅದರಲ್ಲಿ ವಿದ್ಯಾರ್ಥಿಗಳು ಅಂಚಿನಲ್ಲಿ ಗೀಚಿದ ಜೋಕು, ಗೊಣಗಾಟ ಎಲ್ಲವನ್ನೂ ಅಚ್ಚು ಹಾಕಿಸಿದ್ದಾರೆ. ನಮ್ಮ ಸೀನಿಯರ್ ಹುಟ್ಟಿದ ಊರು ತಪ್ಪಾಯಿತು, ಅಷ್ಟೇ.

ಈ ಕ್ನೂತ್ ಇನ್ನೊಂದು ತಮಾಷೆಯ ಮನುಷ್ಯ. ಕಂಪ್ಯೂಟರ್ ಪ್ರೋಗ್ರಾಮಿಂಗ್ ಮೇಲಿನ ದೊಡ್ಡ ಗ್ರಂಥದ ಮೊದಲ ಸಂಪುಟ ತಂದದ್ದು 1968ರಲ್ಲಿ. ಸಂಪುಟ ಇನ್ನೂ ಬರುತ್ತಲೇ ಇವೆ. 1977ರಲ್ಲಿ ಎರಡನೇ ಸಂಪುಟದ ಹೊಸ ಆವೃತ್ತಿಯ ಕರಡು ನೋಡಿ, ಅಚ್ಚು ಚೆನ್ನಾಗಿಲ್ಲ ಅಂತ ಬೇಸರಪಟ್ಟು, ಪುಸ್ತಕ ಬರೆಯುವುದು ಬಿಟ್ಟು ಅಕ್ಷರ ಜೋಡಿಸುವ ಸಾಫ್ಟ್‌ವೇರ್ ಮಾಡಲು ಕೂತರು. ಇವತ್ತಿಗೂ ಗಣಿತದ ಪುಸ್ತಕಗಳು ಅಷ್ಟು ಚೆಂದ ಕಾಣುವುದು ಅವರ ಆ ಹಟದಿಂದ. ತಮ್ಮ ಪುಸ್ತಕದಲ್ಲಿ ತಪ್ಪು ಹುಡುಕಿ ಮೊದಲು ಹೇಳಿದವರಿಗೆ 2 ಡಾಲರ್ 56 ಸೆಂಟ್‌ನ ಚೆಕ್ ಕಳಿಸುತ್ತಿದ್ದರು. 256 ಯಾಕೆಂದರೆ, ಹತ್ತರ ಬದಲು ಹದಿನಾರರ ಗುಂಪಿನಲ್ಲಿ ಎಣಿಸುವ ಕಂಪ್ಯೂಟರ್ ಲೆಕ್ಕದಲ್ಲಿ ಅದನ್ನು ಬರೆಯುವುದು ಸರಿಯಾಗಿ 100 ಅಂತ. ಚೆಕ್ ಸಿಕ್ಕವರು ಅದನ್ನು ಬ್ಯಾಂಕಿಗೆ ಹಾಕದೆ ಗೋಡೆಗೆ ಹಾಕುತ್ತಿದ್ದರು.

ನಮ್ಮ ಕಾಲದಲ್ಲಿ ಒಂದು ಗೈಡ್ ಇತ್ತು. ಹೆಸರು ಬೇಡ. ಅದರಲ್ಲಿ ಒಂದು ಲೆಕ್ಕದ ಉತ್ತರ ತಪ್ಪು. ಇಡೀ ಕ್ಲಾಸು ಅದೇ ತಪ್ಪನ್ನು ಅಷ್ಟೇ ಶ್ರದ್ಧೆಯಿಂದ ಬರೆದಿತ್ತು. ಸರಿ ಬರೆದ ಒಬ್ಬನೇ ಒಬ್ಬ ಹೊರಗೆ ಬಂದು ನಮ್ಮನ್ನೆಲ್ಲ ಕೇಳಿ, ‘ಹಂಗಾದ್ರ ನಂದೇ ತಪ್ಪಾತು’ ಅಂತ ಅಳುಮುಖ ಮಾಡಿಕೊಂಡಿದ್ದ. ಯಾರಿಗೂ ಯಾವ ಚೆಕ್ಕೂ ಬರಲಿಲ್ಲ.

ತಪ್ಪಿನ ಮಾತು ಬಂದಾಗ ನನಗೆ ಮಳಖೇಡದ ನೆನಪಾಗುತ್ತದೆ. ಸೇಡಂ ಬಸ್ಸು ಹತ್ತಿದರೆ ದಾರಿಯಲ್ಲೇ ಸಿಗುತ್ತದೆ. ಕಾಗಿಣಾ ನದಿ, ಕುಸಿದ ಕೋಟೆ, ಸಿಮೆಂಟ್ ಲಾರಿಗಳ ಧೂಳು. ಇದೇ ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ. ಕವಿರಾಜಮಾರ್ಗ ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಅದೇ ರಾಜನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ ‘ಗಣಿತಸಾರಸಂಗ್ರಹ’ ಬರೆದ, ರಾಜನನ್ನು ಮೊದಲಿಗೇ ಹೊಗಳಿದ ಅಂದರೆ ನಮ್ಮ ಕಡೆಯವರೇ ಹೌದಾ ಎಂದು ಕೇಳುತ್ತಾರೆ. ಸಂಸ್ಕೃತದ ಪದ್ಯದಲ್ಲಿರುವ ಅಪ್ಪಟ ಪಠ್ಯಪುಸ್ತಕ ಅದು. ಸೂತ್ರ, ಆಮೇಲೆ ಲೆಕ್ಕ, ಮತ್ತೆ ಸೂತ್ರ, ಮತ್ತೆ ಲೆಕ್ಕ.

ಅದರಲ್ಲೂ ಒಂದು ತಪ್ಪಿದೆ. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಎನ್ನುತ್ತಾನೆ ಆಚಾರ್ಯ. ಹಾಗೆ ಆಗೋದಿಲ್ಲ. ಎಂಟನ್ನು ಸೊನ್ನೆಯಿಂದ ಭಾಗಿಸಿ ಎಂಟು ಬಂದರೆ, ಎಂಟನ್ನು ಸೊನ್ನೆಯಿಂದ ಗುಣಿಸಿದಾಗಲೂ ಎಂಟು ಬರಬೇಕು, ಅಲ್ವಾ? ಬರೋದು ಸೊನ್ನೆ. ಇದನ್ನು ಒಂದು ರಾತ್ರಿ ಊಟದ ಹೊತ್ತಿಗೆ ಅವ್ವನ ಮುಂದೆ ಹೇಳಿ, ಆಚಾರ್ಯನ ಹೆಸರಿಗೆ 2 ಡಾಲರ್ 56 ಸೆಂಟ್ ದಂಡ ಬರೆದೆ. ಅವ್ವ ರೊಟ್ಟಿ ಬುಟ್ಟಿ ಕಡೆ ನೋಡಿದಳು.

‘ಎಂಟು ರೊಟ್ಟಿ ಅವ. ಉಣ್ಲಕ ಯಾರೂ ಬರಲಿಲ್ಲಂದ್ರ ಎಂಟೂ ಹಂಗೇ ಉಳೀತಾವಲ್ಲೋ. ಇದ್ರಾಗ ತಪ್ಪೇನದ?’

ದಂಡ ಮನ್ನಾ ಮಾಡಿದೆ. ಆಚಾರ್ಯನ ತಲೆಯಲ್ಲಿ ಓಡಿದ್ದು ಇದೇ ಇರಬೇಕು.

ಅವ್ವ ಉಮೇದಿನಲ್ಲಿದ್ದಳೆಂದು ಆಚಾರ್ಯನ ಅದೇ ಪುಸ್ತಕದ ಹಾರದ ಲೆಕ್ಕವನ್ನೂ ಹೇಳಿದೆ. ಗಂಡ ಹೆಂಡತಿ ಸರಸದ ನಡುವೆ ಜಗಳಾಡಿ ಮುತ್ತಿನ ಹಾರ ಹರಿಯಿತು. ಮೂರರಲ್ಲೊಂದು ಪಾಲು ದಾಸಿಗೆ ಹೋಯಿತು, ಆರರಲ್ಲೊಂದು ಪಾಲು ಹಾಸಿಗೆ ಮೇಲೆ ಬಿತ್ತು. ಉಳಿದದ್ದರಲ್ಲಿ ಅರ್ಧ, ಮತ್ತೆ ಉಳಿದದ್ದರಲ್ಲಿ ಅರ್ಧ, ಹೀಗೆ ಆರು ಸಲ ಚೆಲ್ಲಾಪಿಲ್ಲಿಯಾದವು. ಕೊನೆಗೆ ಉಳಿದದ್ದು 1,161. ಹಾಗಾದರೆ ಹಾರದಲ್ಲಿ ಎಷ್ಟಿದ್ದವು? ಪ್ರೋಗ್ರಾಂ ಬರೆಯುವವರಿಗೆ ಇದು ಸಣ್ಣ ಲೂಪ್, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸೋದು. ದಾಸಿ, ಹಾಸಿಗೆ ಸೇರಿ ಒಂದರ್ಧ, ಆಮೇಲೆ ಆರು ಅರ್ಧ. 1,161ನ್ನು ಏಳು ಸಲ ಇಮ್ಮಡಿ ಮಾಡಿದರೆ 1,48,608. ಮುತ್ತಿಗೆ ಕಾಲು ಗ್ರಾಂ ಹಿಡಿದರೂ 37 ಕಿಲೋ ಆಗುತ್ತದೆ. ತೊಗರಿ ಚೀಲ ಕೊರಳಿಗೆ ಹಾಕಿಕೊಂಡು ಯಾರಾದರೂ ಸರಸಕ್ಕೆ ಹೋಗುತ್ತಾರೆಯೇ ಅಂತ ನಾನು ನಕ್ಕೆ. ಅವ್ವ ನಗಲಿಲ್ಲ.

‘ದಾಸಿಗಿ ಎಷ್ಟು ಬಂದ್ವು?’

‘49,536.’

‘ಅಕಿ ಶಾಣ್ಯಾಕಿ’ ಎಂದು ಅವ್ವ ಶೇಂಗಾ ಹಿಂಡಿ ಡಬ್ಬಿ ಮುಚ್ಚಿದಳು.

ಅಣ್ಣನ ಮಗಳು ಈಗ ಕಂಪ್ಯೂಟರ್ ಸೈನ್ಸ್ ಎರಡನೇ ವರ್ಷ. ಅವಳ ಪುಸ್ತಕಗಳೆಲ್ಲ ಮೊಬೈಲಿನಲ್ಲಿ, ಪಿಡಿಎಫ್. ಬೇಕಾದ ಪದ ಹಾಕಿದರೆ ಪುಟವೇ ಎದ್ದು ಬರುತ್ತದೆ. ನನಗೆ ಹೊಟ್ಟೆಕಿಚ್ಚೇನಿಲ್ಲ, ಬೆನ್ನಿಗಾದರೂ ಹಗುರ. ಆದರೆ ಅದನ್ನು ಕೂಲರ್ ಕೆಳಗೆ ಇಡೋಕೆ ಬರೋದಿಲ್ಲ ಅಂತ ಒಂದು ಸಲ ಅಂದೆ. ‘ಕಾಕಾ, ಹೊಸ ಕೂಲರ್ ತಗೋರಿ’ ಅಂದಳು.

ಹೋದ ತಿಂಗಳು ರದ್ದಿಯವನು ಬಂದಾಗ ಅವಳೇ ಕಪಾಟು ಖಾಲಿ ಮಾಡಲು ಕೂತಳು. ಗೈಡ್ ಹೋಯಿತು. ಹಳೇ ಕೋಶ್ಚನ್ ಪೇಪರ್‌ಗಳು ಹೋದವು. ಗ್ರೇವಾಲ್ ಕೈಗೆ ಬಂದಾಗ ಪುಟ ತಿರುವುತ್ತಾ ಒಂದು ಕಡೆ ನಿಂತು, ಬಿದ್ದು ಬಿದ್ದು ನಗತೊಡಗಿದಳು. ಆಮೇಲೆ ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಪೆನ್ನು ತೆಗೆದು ಏನೋ ಗೀಚಿ, ಪುಸ್ತಕವನ್ನು ರದ್ದಿ ರಾಶಿಗೆ ಹಾಕದೆ ಕಪಾಟಿಗೇ ವಾಪಸ್ ಇಟ್ಟಳು.

ರಾತ್ರಿ ತೆಗೆದು ನೋಡಿದೆ. ‘ಬರಂಗಿಲ್ಲ, ಬಿಡ್ರಿ’ ಕೆಳಗೆ ನನ್ನ ‘ಬಂತು’. ಅದರ ಕೆಳಗೆ ಅವಳ ಅಕ್ಷರ: ‘ನಮ್ಮ ಸಿಲಬಸ್‌ನಾಗ ಇಲ್ಲೇ ಇಲ್ಲ.’