ಮೂಗುಬೊಟ್ಟು ಕಳಚಿ, ಒಳಗೆ ಬನ್ನಿ

ನಮ್ಮಲ್ಲಿ ಪರೀಕ್ಷೆ ಬರೆಯೋಕೆ ಪೆನ್ನು, ಪ್ರವೇಶಪತ್ರ ಇದ್ದರೆ ಸಾಲದು. ಜೊತೆಗೊಬ್ಬ ಅಕ್ಕಸಾಲಿ ಬೇಕು. ಸಾಧ್ಯವಾದರೆ ಒಬ್ಬ ದರ್ಜಿಯನ್ನೂ ಕರ್ಕೊಂಡು ಹೋಗಿ.

2023ರ ಅಕ್ಟೋಬರ್‌ನಲ್ಲಿ ಕಲಬುರಗಿ, ಯಾದಗಿರಿ ಕಡೆ ನೇಮಕಾತಿ ಪರೀಕ್ಷೆಯಲ್ಲಿ ಕಿವಿಗೆ ಉತ್ತರ ಹೇಳಿಕೊಡೋ ಬ್ಲೂಟೂತ್ ಸಿಕ್ಕಿಬಿತ್ತು. ಮರುತಿಂಗಳೇ ಪರೀಕ್ಷಾ ಪ್ರಾಧಿಕಾರದ ವಸ್ತ್ರಸಂಹಿತೆ ಬಂತು. ಗಂಡಸರಿಗೆ ಅರ್ಧ ತೋಳಿನ ಅಂಗಿ, ಕಾಲರ್ ಇಲ್ಲದಿದ್ದರೆ ಇನ್ನೂ ಒಳ್ಳೇದು. ಜೀನ್ಸ್ ಬೇಡ, ಶೂ ಬೇಡ. ಹೆಂಗಸರಿಗೆ ತುಂಬುತೋಳು ಬೇಡ, ಕಸೂತಿ ಬೇಡ, ಲೋಹದ ಒಡವೆ ಬೇಡ. ಕಸೂತಿ ಮೇಲೆ ಯಾಕಪ್ಪಾ ಅನುಮಾನ ಅಂತ ತಲೆ ಕೆರೆದುಕೊಂಡೆ. ಧಾರವಾಡದ ಕಸೂತಿಯಲ್ಲಿ ತೇರು, ನವಿಲಿನ ಜೊತೆ ಗೋಪುರವೂ ಇರುತ್ತದಲ್ವಾ, ಅದನ್ನೇ ಯಾರೋ ಮೊಬೈಲ್ ಟವರ್ ಅಂದುಕೊಂಡಿರಬೇಕು.

ಮಾಂಗಲ್ಯ, ಕಾಲುಂಗುರಕ್ಕೆ ಮಾತ್ರ ರಿಯಾಯಿತಿ ಕೊಟ್ಟರು. ಪುಣ್ಯಕ್ಕೇನಲ್ಲ. ಸ್ವಲ್ಪ ದಿನ ಮುಂಚೆ ಕಲಬುರಗಿಯಲ್ಲಿ ಇನ್ನೊಂದು ಪರೀಕ್ಷೆಗೆ ಮಾಂಗಲ್ಯ ತೆಗೆಸಿ ದೊಡ್ಡ ಗಲಾಟೆ ಆಗಿತ್ತು.

ಈಗ ಗೇಟಿಗೆ ಬನ್ನಿ. ಹುಡುಗಿಯ ಮೂಗುಬೊಟ್ಟು ಹೈಸ್ಕೂಲಿನಲ್ಲಿ ಚುಚ್ಚಿಸಿದ್ದು, ತಿರುಪು ಒಳಗಡೆ ಬಿಗಿಯಾಗಿ ಕೂತಿದೆ. ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿ ತಿರುಗಿಸುತ್ತಾಳೆ, ಹುಡುಗಿ ಸೀನುತ್ತಾಳೆ, ಕಣ್ಣಲ್ಲಿ ನೀರು, ಅಷ್ಟರಲ್ಲಿ ರಾತ್ರಿಯೆಲ್ಲ ಉರುಹೊಡೆದ ಸೂತ್ರಗಳು ಒಂದೊಂದಾಗಿ ಉದುರುತ್ತಿವೆ, ಗೇಟಿನವರು ‘ಇನ್ನೈದೇ ನಿಮಿಷ’ ಅಂತ ಕೂಗುತ್ತಿದ್ದಾರೆ. ಸಾಸಿವೆಗಿಂತ ಸ್ವಲ್ಪ ದಪ್ಪಗಿರೋ ಆ ಹರಳಿನಲ್ಲಿ ಬ್ಯಾಟರಿ, ಸಿಮ್ಮು, ಮೈಕು ಎಲ್ಲ ಕೂರಿಸಬಲ್ಲವರು ಯಾರಾದರೂ ಇದ್ದರೆ ಅವರನ್ನು ಹಿಡಿದು ಜೈಲಿಗೆ ಹಾಕಬಾರದು, ಇಸ್ರೋಗೆ ಕಳಿಸಬೇಕು.

ಒಡವೆ ಮುಗೀತು, ನೂಲಿಗೆ ಬಂದರು. 2025ರ ಏಪ್ರಿಲ್ ಸಿಇಟಿಯಲ್ಲಿ ಶಿವಮೊಗ್ಗದಲ್ಲಿ ಜನಿವಾರ ತೆಗೆಸಿದರು. ಬೀದರ್‌ನಲ್ಲಿ ತೆಗೆಯಲ್ಲ ಅಂದ ಹುಡುಗನಿಗೆ ಗಣಿತದ ಪರೀಕ್ಷೆಯೇ ತಪ್ಪಿತು. ಆಮೇಲೆ ಅಮಾನತು, ವಿಷಾದ, ಮಾಮೂಲಿ. ಹತ್ತಿ ನೂಲಿನಲ್ಲಿ ಸಿಗ್ನಲ್ ಬರೋದಾದರೆ ನಮ್ಮ ಮಲೆನಾಡಿನ ಜನ ಟವರ್ ಹುಡುಕಿಕೊಂಡು ಗುಡ್ಡ ಯಾಕೆ ಹತ್ತುತ್ತಿದ್ದರು?

ಬ್ಲೂಟೂತ್ ಕಳ್ಳರು ಇಲ್ಲ ಅಂತ ನಾನೂ ಹೇಳಲ್ಲ. ಹುಡುಕಲಿ. ಲೋಹ ಪತ್ತೆ ಯಂತ್ರ ಇದೆ, ಜಾಮರ್ ಇದೆ. ಆದರೆ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ನೆನಪಿದೆಯಾ? 2021ರ ಅಕ್ಟೋಬರ್‌ನದ್ದು. ಅದರಲ್ಲೂ ಬ್ಲೂಟೂತ್ ಇತ್ತು, ನಿಜ. ಅದರ ಜೊತೆಗೆ ಒಎಂಆರ್ ಉತ್ತರ ಹಾಳೆಗಳನ್ನು ಪರೀಕ್ಷೆ ಮುಗಿದ ಮೇಲೆ ಸ್ಟ್ರಾಂಗ್ ರೂಮಿನಲ್ಲೇ ತಿದ್ದಿದ್ದರು ಅನ್ನೋದು ಸಿಐಡಿ ಆರೋಪ. 2022ರ ಜುಲೈನಲ್ಲಿ, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯನ್ನೇ ಬಂಧಿಸಿದರು. ಅಲ್ಲಿ ಯಾರ ಮೂಗಿಗೂ ಎಣ್ಣೆ ಹಚ್ಚಿರಲಿಲ್ಲ.

ಹಾಗಾಗಿ ಮುಂದಿನ ಸಲ ಈ ನಿಯಮವನ್ನು ಸ್ವಲ್ಪ ವಿಸ್ತರಿಸಿ ಸ್ವಾಮಿ. ಪ್ರಶ್ನೆಪತ್ರಿಕೆ ಮುಟ್ಟೋರು, ಉತ್ತರಪತ್ರಿಕೆ ಸಾಗಿಸೋರು, ಬೀಗದ ಕೈ ಇಟ್ಟುಕೊಳ್ಳೋರು ಎಲ್ಲರೂ ಅರ್ಧ ತೋಳು, ಬರಿಗಾಲಲ್ಲಿ ಬರಲಿ. ಜೇಬೇ ಇಲ್ಲದ ಪ್ಯಾಂಟ್ ಆದರೆ ಇನ್ನೂ ವಾಸಿ. ಎಣ್ಣೆ ಬಾಟ್ಲಿಯನ್ನೂ ಅಲ್ಲಿಗೇ ಕಳಿಸಿ, ಹವಳ, ನೀಲ, ಪುಷ್ಯರಾಗ ಅಂತ ಬೆರಳಿಗೊಂದು ಉಂಗುರ ಬಿಗಿದುಕೊಂಡವರು ಜಾಸ್ತಿ ಇರೋದು ಆ ಕಡೆಯೇ.