ಡಿಸ್ಕ್ ಬದಲಿಸುವ ಮೊದಲು ಹಬ್ ನೋಡಿ

ವೇಗದಲ್ಲಿ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿದರೆ ಡಿಸ್ಕ್ (ಚಕ್ರದ ಜೊತೆ ತಿರುಗುವ ಬ್ರೇಕ್ ತಟ್ಟೆ) ಬಾಗಿದೆ, ಬದಲಿಸಿಬಿಡಿ ಎಂದು ಕಾರಿನ ಬ್ರೇಕ್ ಕುರಿತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದೇ ಮಾತನ್ನು ನಂಬಿ ನಾನು ಎರಡು ಸಲ ಮುಂದಿನ ಡಿಸ್ಕ್‌ಗಳನ್ನು ಬದಲಿಸಿದೆ. ಎರಡು ಸಲವೂ ಕೆಲವೇ ತಿಂಗಳಲ್ಲಿ ನಡುಕ ಮರಳಿತು.

ಮೂರನೆಯ ಸಲ ಹಿರಿಯ ಮೆಕ್ಯಾನಿಕ್ ಒಬ್ಬರು ಡಿಸ್ಕ್ ಬಿಚ್ಚಿ, ಅದು ಕೂರುವ ಹಬ್‌ನ (ಚಕ್ರದ ನಡುವೆ ತಿರುಗುವ ಭಾಗದ) ಮುಖವನ್ನು ತೋರಿಸಿದರು. ಅಲ್ಲಿ ತುಕ್ಕಿನ ತೆಳುವಾದ ಪದರವಿತ್ತು. ಅದರ ಮೇಲೆ ಕೂತ ಹೊಸ ಡಿಸ್ಕ್ ಕೂದಲೆಳೆಯಷ್ಟು ಓರೆಯಾಗಿ ತಿರುಗುತ್ತಿತ್ತು. ಹಾಗೆ ತಿರುಗುವ ಡಿಸ್ಕ್, ಬ್ರೇಕ್ ಒತ್ತದೇ ಇದ್ದಾಗಲೂ ಪ್ರತಿ ಸುತ್ತಿಗೆ ಒಂದೇ ಜಾಗದಲ್ಲಿ, ಬ್ರೇಕ್ ಒತ್ತಿದಾಗ ಅದನ್ನು ಅದುಮಿ ಹಿಡಿಯುವ ಪ್ಯಾಡಿಗೆ ಉಜ್ಜುತ್ತದೆ. ಸಾವಿರಾರು ಕಿಲೋಮೀಟರ್ ಓಡಿದ ಮೇಲೆ ಆ ಜಾಗ ಸವೆದು, ಡಿಸ್ಕ್‌ನ ದಪ್ಪ ಏರುಪೇರಾಗುತ್ತದೆ. ನಡುಕ ಹುಟ್ಟುವುದು ಅಲ್ಲಿಂದ. 0.02 ಮಿಲಿಮೀಟರ್‌ನಷ್ಟು ವ್ಯತ್ಯಾಸವೂ ಕೈಗೆ ತಿಳಿಯಬಹುದು. ಇದು ಕಣ್ಣಳತೆಗೆ ಸಿಗುವಂಥದ್ದಲ್ಲ. ಓರೆಯನ್ನು ಡಯಲ್ ಗೇಜ್‌ನಿಂದ, ದಪ್ಪವನ್ನು ಮೈಕ್ರೋಮೀಟರ್‌ನಿಂದ ಅಳೆಯಲೇಬೇಕು. ಅಳೆಯದೆ ಬದಲಿಸಿ ಎನ್ನುವವರನ್ನು ದಯವಿಟ್ಟು ತಡೆಯಿರಿ.

ಚಕ್ರದ ನಟ್‌ಗಳನ್ನು ಅಡ್ಡಾದಿಡ್ಡಿಯಾಗಿ ಬಿಗಿದರೂ ಇದೇ ಗತಿ. ಟಾರ್ಕ್ ವ್ರೆಂಚ್ (ಬಿಗಿಯುವ ಬಲವನ್ನು ಅಳೆಯುವ ಸ್ಪ್ಯಾನರ್) ಹಿಡಿದು, ಎದುರುಬದುರಿನ ನಟ್‌ಗಳನ್ನು ಸರದಿಯಂತೆ ಸಮನಾಗಿ ಬಿಗಿಯಬೇಕು.

ಬ್ರೇಕ್ ಮುಟ್ಟದಿದ್ದರೂ ನಡುಗಿದರೆ ಮೊದಲು ಚಕ್ರದ ಬ್ಯಾಲೆನ್ಸ್ ಮತ್ತು ಟೈರ್ ನೋಡಿಸಿ. ಸ್ಟೀರಿಂಗ್ ಸ್ಥಿರವಾಗಿದ್ದು ಸೀಟು ಅದುರಿದರೆ ಅನುಮಾನ ಹಿಂದಿನ ಬ್ರೇಕ್ ಮೇಲಿರಲಿ. ಇನ್ನೊಂದು ಮಾತು: ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಲೋವರ್ ಆರ್ಮ್‌ನ ರಬ್ಬರ್ ಬುಷ್ ಸವೆದಿದ್ದರೆ ಸಣ್ಣ ದೋಷವೂ ದೊಡ್ಡ ನಡುಕವಾಗಿ ಕೈಗೆ ಬರುತ್ತದೆ. ಲೇಖನದಲ್ಲಿ ಅದರ ಪ್ರಸ್ತಾಪವೇ ಇಲ್ಲ, ಸೇರಿಸಿ.